ಕ್ರಿಯಾಪದ ನುಂಗೋ ಅಪ್ಪ: ಒಂದು ಸಸ್ಪೆನ್ಸ್ ಕಾದಂಬರಿ ಬರೆದ ನನ್ನ ಅನುಭವ

ನಾಲ್ಕು ಡ್ರಾಫ್ಟು, ಮೂರು ವರ್ಷಕ್ಕೆ ಒಂದೆರಡು ತಿಂಗಳು ಕಮ್ಮಿ. ಅದರಲ್ಲಿ ಮೊದಲನೇ ಡ್ರಾಫ್ಟು ಪೂರ್ತಿ ಕಸದಬುಟ್ಟಿಗೆ ಹೋಯ್ತು. ಅದು ಯಾಕೆ ಕೆಟ್ಟೋಯ್ತು ಅಂತ ಗೊತ್ತಾದ ಮೇಲೇನೇ ನಂಗೆ ಈ ಕಾದಂಬರಿ ಬರೆಯೋಕೆ ಬಂದಿದ್ದು, ಹಾಗಾಗಿ ಅಲ್ಲಿಂದಾನೇ ಶುರು ಮಾಡ್ತೀನಿ.

ಕಥೆ ಇಷ್ಟೇ. ಇಂಚರ ಅಂತ ಆರು ವರ್ಷದ ಹುಡುಗಿ, ಒಂದಿನ ಸ್ಕೂಲು ಬಿಟ್ಟ ಮೇಲೆ ಮನೆಗೆ ಬರಲ್ಲ. ಅಮ್ಮ ಸುಮ, ಅಪ್ಪ ರಘು, ಮನೇಲಿ ಮರೆವಿನ ಕಾಯಿಲೆಯ ಅಜ್ಜಿ. ಮೊದಲನೇ ಡ್ರಾಫ್ಟಲ್ಲಿ ಇವರ ಜೊತೆಗೆ ಒಬ್ಬ ಸಿಡುಕಿನ ಇನ್ಸ್‌ಪೆಕ್ಟರ್ರು, ಇಬ್ಬರು ಅನುಮಾನದ ಗಿರಾಕಿಗಳು, ಒಂದು ಬಿಳಿ ವ್ಯಾನು, ಪ್ರತಿ ಚಾಪ್ಟರಿನ ಕೊನೇಲೂ ತಪ್ಪದೆ ಒಂದು ಫೋನ್ ಕಾಲು ಎಲ್ಲಾ ಇತ್ತು. ನಲವತ್ತು ಸಾವಿರ ಪದ ಆದ್ಮೇಲೆ ಫ್ರೆಂಡಿಗೆ ಓದೋಕೆ ಕೊಟ್ಟೆ. ಅವಳು ಎರಡು ದಿನ ಬಿಟ್ಟು ಫೋನ್ ಮಾಡಿ, "ಮಗು ಕಾಣೆಯಾಗಿರೋದು ಪೊಲೀಸರಿಗೆ ಮಾತ್ರ ಗೊತ್ತಿರೋ ಹಾಗಿದೆ ಕಣೇ, ಅವರಮ್ಮಂಗೆ ಇನ್ನೂ ಯಾರೂ ಹೇಳಿಲ್ವಾ?" ಅಂದ್ಳು. ಒಂದು ವಾರ ಅವಳ ಜೊತೆ ಮಾತು ಬಿಟ್ಟೆ, ಆಮೇಲೆ ಫೈಲ್ ತೆಗೆದು ನೋಡಿದ್ರೆ ನಿಜ, ಸುಮ ಅಳ್ತಾಳೆ, ಎಚ್ಚರ ತಪ್ತಾಳೆ, ಮತ್ತೆ ಅಳ್ತಾಳೆ, ಅಷ್ಟು ಬಿಟ್ರೆ ಅವಳಿಗೆ ಬೇರೆ ಕೆಲಸಾನೇ ಇಲ್ಲ.

ಸಸ್ಪೆನ್ಸ್ ಅಂದ ತಕ್ಷಣ ಎಲ್ಲರೂ ಹೇಳೋದು ಸಿನಿಮಾ ನಿರ್ದೇಶಕ ಹಿಚ್‌ಕಾಕ್ 1962ರ ಸಂದರ್ಶನದಲ್ಲಿ ಕೊಟ್ಟ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ. ಬಾಂಬ್ ಇರೋದು ಯಾರಿಗೂ ಗೊತ್ತಿಲ್ದೆ ಸಿಡಿದ್ರೆ ಹದಿನೈದು ಸೆಕೆಂಡಿನ ಗಾಬರಿ, ನೋಡೋರಿಗೆ ಮೊದಲೇ ಗೊತ್ತಿದ್ರೆ ಹದಿನೈದು ನಿಮಿಷದ ಸಸ್ಪೆನ್ಸು. ಮಾತು ಸರಿ, ಆದ್ರೆ ನನ್ನ ಕಥೆಗೆ ಅದು ಕೂರ್ಲಿಲ್ಲ. ಆ ಬಾಂಬಿಗೆ ಗಡಿಯಾರ ಇದೆ. ಮಗು ಕಾಣೆಯಾದ ಮನೇಲಿ ಗಡಿಯಾರಾನೇ ಇಲ್ಲ, ಇವತ್ತು ಸಂಜೆ ಬಾಗಿಲು ತಟ್ಟಬಹುದು, ಹತ್ತು ವರ್ಷ ಬಿಟ್ಟು ತಟ್ಟಬಹುದು, ತಟ್ಟದೇನೂ ಇರಬಹುದು. ಹಂಗಾದ್ರೆ ಓದೋರು ಪುಟ ತಿರುಗಿಸೋದು ಯಾತಕ್ಕೆ?

ಇದಕ್ಕೆ ಉತ್ತರ ಸಿಕ್ಕಿದ್ದು ನನ್ನದೇ ಒಂದು ಹಳೇ ನೆನಪಲ್ಲಿ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಒಂದು ರೈಲ್ವೆ ಸ್ಟೇಷನ್ನಲ್ಲಿ ಇಪ್ಪತ್ತು ನಿಮಿಷ ಕಾಣಿಸ್ಲಿಲ್ಲ. ಸಿಕ್ಕಿದ್ಲು, ಏನೂ ಆಗ್ಲಿಲ್ಲ, ಯಾರದೋ ನಾಯಿಮರಿ ನೋಡ್ತಾ ನಿಂತಿದ್ಲು. ಆದ್ರೆ ಆ ಇಪ್ಪತ್ತು ನಿಮಿಷದಲ್ಲಿ ನಾನು ಎಲ್ಲೆಲ್ಲಿ ಹುಡುಕಿದ್ದೆ ಅನ್ನೋದು ಬರೆಯೋಕೆ ಕೂತಾಗ ನೆನಪಾಯ್ತು. ನಮ್ಮ ಸೂಟ್‌ಕೇಸ್ ಜಿಪ್ ತೆಗೆದು ಒಳಗೆ ನೋಡಿದ್ದೆ. ಕಸದ ಡಬ್ಬದ ಹಿಂದೆ, ಒಂದು ಬೆಕ್ಕು ಕೂರೋಕೂ ಜಾಗ ಇಲ್ಲದ ಕಡೆ, ಬಗ್ಗಿ ನೋಡಿದ್ದೆ. ಒಂದೇ ಜಾಗಾನ ಮೂರು ಸಲ ನೋಡಿ, ಮೂರನೇ ಸಲ ಅಲ್ಲಿ ಇರ್ತಾಳೆ ಅಂತ ನಂಬ್ಕೊಂಡೇ ನೋಡಿದ್ದೆ. ಪಕ್ಕದಲ್ಲಿ ನಿಂತವರಿಗೆ ನಾನು ಏನೋ ಬಚ್ಚಿಡ್ತಾ ಇದೀನಿ ಅನ್ನಿಸಿರಬೇಕು, ಒಬ್ಬರಂತೂ ನನ್ನನ್ನ ಕಳ್ಳಿ ತರ ನೋಡಿದ್ರು.

ಆ ಕಳ್ಳಿ ಅನ್ನೋ ನೋಟಾನೇ ಕಾದಂಬರಿ ಆಯ್ತು. ದುಃಖದಲ್ಲಿರೋ ಮನುಷ್ಯ ಹೊರಗಿಂದ ನೋಡೋರಿಗೆ ತಪ್ಪು ಮಾಡಿರೋನ ತರಾನೇ ಕಾಣ್ತಾನೆ. ಹೇಳಿದ್ದೇ ಹೇಳ್ತಾನೆ ಇಲ್ಲಾ ಬಾಯೇ ಬಿಡಲ್ಲ, ಮಧ್ಯರಾತ್ರಿ ಎದ್ದು ಎಲ್ಲೋ ಹೋಗ್ತಾನೆ, ಕೇಳಿದ್ರೆ ಸುಳ್ಳು ಹೇಳ್ತಾನೆ, ವಸ್ತು ಬಚ್ಚಿಡ್ತಾನೆ. ಅಂದ್ಮೇಲೆ ಓದೋರ ದಾರಿ ತಪ್ಪಿಸೋಕೆ ನಾನು ಸುಳ್ಳು ಸುಳಿವು ಹುಟ್ಟಿಸಬೇಕಾಗೇ ಇಲ್ಲ, ಬಿಳಿ ವ್ಯಾನು ಬೇಡ, ಮನೇಲಿರೋ ಮೂರು ಜನರ ದುಃಖಾನ ಇದ್ದ ಹಾಗೆ ಬರೆದ್ರೆ ಸಾಕು, ಅನುಮಾನ ಓದೋರೇ ಪಡ್ತಾರೆ. ಎರಡನೇ ಡ್ರಾಫ್ಟಲ್ಲಿ ಇನ್ಸ್‌ಪೆಕ್ಟರ್‌ಗೆ ಒಟ್ಟು ಮೂರೇ ಸೀನು ಉಳೀತು.

ಅದಾದ್ಮೇಲೆ ಓದೋಕೆ ಕೂತೆ. ನಿಜವಾದ ಕೇಸುಗಳನ್ನ ಓದ್ಲಿಲ್ಲ, ಅದು ನಾನೇ ಹಾಕ್ಕೊಂಡ ನಿಯಮ, ಬೇರೆಯವರ ಮನೆಯ ಮಗು ಕಳೆದುಹೋಗಿರೋದ್ರಲ್ಲಿ ನನಗೆ ಬೇಕಾದ ಡೀಟೇಲ್ ಹೆಕ್ಕೋದು ನಂಗೆ ಆಗಲ್ಲ. ಓದಿದ್ದು ದುಃಖದ ಬಗ್ಗೆ ಸಂಶೋಧನೆ ಮಾಡಿದವರನ್ನ. ಎಲ್ಲರೂ ಬಾಯಿಪಾಠ ಹೇಳೋ ಆ ಐದು ಹಂತ ಇದ್ಯಲ್ಲ, ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಅಂತ, ಅದನ್ನ ಕ್ಯೂಬ್ಲರ್-ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ಹೇಳಿದ್ದು ತಾವೇ ಸಾಯ್ತಾ ಇರೋ ರೋಗಿಗಳನ್ನ ಮಾತಾಡಿಸಿ, ಕಳ್ಕೊಂಡವರನ್ನ ನೋಡಿ ಅಲ್ಲ. ನಾನು ಮೊದಲನೇ ಡ್ರಾಫ್ಟಲ್ಲಿ ಸುಮಾನ ಐದು ಭಾಗದಲ್ಲಿ ಐದು ಮೆಟ್ಟಿಲು ಹತ್ತಿಸಿ ಕೊನೇಲಿ ಒಪ್ಪಿಗೆಗೆ ತಂದು ಕೂರಿಸಿದ್ದೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ.

ನನಗೆ ಉಪಯೋಗಕ್ಕೆ ಬಂದಿದ್ದು ಪಾಲಿನ್ ಬಾಸ್. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಮನೆಯವರನ್ನ ಇವರು 1970ರ ದಶಕದಲ್ಲಿ ಅಭ್ಯಾಸ ಮಾಡಿದ್ರು, ಸತ್ತ ಅಂತ ಗೊತ್ತಿಲ್ಲ, ಇದಾನೆ ಅಂತಾನೂ ಗೊತ್ತಿಲ್ಲ, ಅಳೋಕೂ ಆಗಲ್ಲ ಬಿಡೋಕೂ ಆಗಲ್ಲ, ಈ ತರದ ಮುಗಿಯದ ನಷ್ಟಕ್ಕೆ ಹೆಸರು ಕೊಟ್ಟಿದ್ದು ಅವರೇ. ಅದರಲ್ಲಿ ಎರಡು ತರ ಅಂತಾರೆ. ಮನುಷ್ಯ ಕಣ್ಮುಂದೆ ಇಲ್ಲ ಆದ್ರೆ ಮನಸ್ಸಲ್ಲಿ ಇದಾನೆ, ಅದೊಂದು. ಮನುಷ್ಯ ಎದುರಿಗೇ ಕೂತಿದಾನೆ ಆದ್ರೆ ಒಳಗೆ ಇಲ್ಲ, ಮರೆವಿನ ಕಾಯಿಲೆ ತರ, ಅದಿನ್ನೊಂದು. ಇದನ್ನ ಓದಿದ ದಿನ ಅಜ್ಜಿ ಪಾತ್ರ ಎದ್ದು ಕೂತ್ಕೊಳ್ತು. ಅಲ್ಲೀವರೆಗೂ ಅಜ್ಜಿ ಮೂಲೇಲಿ ಸುಮ್ನೆ ಕೂತಿದ್ಲು. ಈಗ ಅಜ್ಜಿ ದಿನಾ ಸಂಜೆ ನಾಲ್ಕು ಗಂಟೆಗೆ ಕೇಳ್ತಾಳೆ, "ಪುಟ್ಟಿ ಇನ್ನೂ ಬರ್ಲಿಲ್ವೇನೇ ಸುಮಾ?" ಅಂತ. ಅವಳಿಗೆ ಗೊತ್ತೇ ಇಲ್ಲ, ಹೇಳಿದ್ರೂ ನಾಳೆಗೆ ನೆನಪಿರಲ್ಲ. ಮೊದಮೊದಲು ಸುಮ ನಿಜ ಹೇಳ್ತಾಳೆ, ಅಜ್ಜಿ ದಿನಾ ಹೊಸದಾಗಿ ಎದೆ ಒಡ್ಕೊಂಡು ಅಳ್ತಾಳೆ. ಆಮೇಲೆ ಸುಮ ಸುಳ್ಳು ಹೇಳೋಕೆ ಶುರು ಮಾಡ್ತಾಳೆ, ಡ್ಯಾನ್ಸ್ ಕ್ಲಾಸಿಗೆ ಹೋಗಿದಾಳೆ ಅತ್ತೆ, ಇನ್ನೇನು ಬರ್ತಾಳೆ ಅಂತ. ಎರಡು ತಿಂಗಳಾದ್ಮೇಲೆ ಆ ಸುಳ್ಳು ಹೇಳೋ ಐದು ನಿಮಿಷಕ್ಕೋಸ್ಕರ ಸುಮ ದಿನವೆಲ್ಲ ಕಾಯೋಕೆ ಶುರು ಮಾಡ್ತಾಳೆ, ಅತ್ತೆ ಕೇಳದೇ ಇದ್ರೆ ತಾನೇ ನೆನಪು ಮಾಡ್ತಾಳೆ. ಗೀಳು ಅನ್ನೋದನ್ನ ಗೋಡೆ ತುಂಬಾ ಫೋಟೋ ಅಂಟಿಸಿ ಕೆಂಪು ದಾರ ಎಳೆದು ತೋರಿಸಬೇಕಾಗಿಲ್ಲ ಅಂತ ನಂಗೆ ಅಲ್ಲಿ ಗೊತ್ತಾಯ್ತು.

ಇದೇ ತರ ಇನ್ನೊಂದು, ಬಾಗಿಲ ಚೌಕಟ್ಟು. ಮಕ್ಕಳ ಎತ್ತರ ಪೆನ್ಸಿಲಲ್ಲಿ ಗುರುತು ಹಾಕ್ತೀವಲ್ಲ, ಇಂಚರಂದು ಆರನೇ ವರ್ಷದ ಗೆರೆ 115 ಸೆಂಟಿಮೀಟರಿಗೆ ನಿಂತಿದೆ. ಆ ವಯಸ್ಸಲ್ಲಿ ಮಕ್ಕಳು ವರ್ಷಕ್ಕೆ ಸುಮಾರು ಆರು ಸೆಂಟಿಮೀಟರ್ ಬೆಳೀತಾರೆ, ಸುಮ ಆ ಲೆಕ್ಕ ಓದ್ಕೊಂಡು ಪ್ರತಿ ಹುಟ್ಟುಹಬ್ಬದ ರಾತ್ರಿ ಟೇಪ್ ಹಿಡಿದು ಹೊಸ ಗೆರೆ ಹಾಕ್ತಾಳೆ, 121, 127. ಮಗು ಇಲ್ಲ, ಗೆರೆ ಬೆಳೀತಾ ಇದೆ. ಮೂರನೇ ವರ್ಷ ಅವಳಿಗೆ ಜ್ವರ, ಎದ್ದು ಹೋಗೋಕೆ ಆಗಲ್ಲ, ಬೆಳಿಗ್ಗೆ ಹೋಗಿ ನೋಡಿದ್ರೆ 133ಕ್ಕೆ ಗೆರೆ ಆಗ್ಲೇ ಬಿದ್ದಿದೆ. ಅವಳು ಹಾಕಿದ್ದಲ್ಲ.

ಎರಡನೇ ಡ್ರಾಫ್ಟಲ್ಲಿ ಆ ಗೆರೆ ಅಪಹರಣಕಾರ ಬಂದು ಹಾಕಿದ್ದು ಅಂತ ಮಾಡಿದ್ದೆ. ಬರೀವಾಗ ನಂಗೇ ಮೈ ಜುಂ ಅಂದಿತ್ತು, ಮಾರನೇ ದಿನ ಓದಿದ್ರೆ ಸಿನಿಮಾ ಇಂಟರ್ವಲ್ ತರ ಇತ್ತು, ಅವನು ಯಾಕಪ್ಪಾ ಮನೆಗೆ ನುಗ್ಗಿ ಪೆನ್ಸಿಲ್ ಹುಡುಕ್ತಾನೆ? ಮೂರನೇ ಡ್ರಾಫ್ಟಲ್ಲಿ ಅದನ್ನ ಹಾಕಿದ್ದು ರಘು. ಮಗಳು ಇನ್ನು ಬರಲ್ಲ, ಹುಡುಕಿದ್ದು ಸಾಕು ಅಂತ ಎರಡು ವರ್ಷದಿಂದ ಜಗಳ ಆಡ್ತಿರೋ ರಘು. ಇದು ಸುಮಂಗೆ ಗೊತ್ತಾಗೋದು ನೂರು ಪುಟ ಆದ್ಮೇಲೆ, ಅಲ್ಲೀವರೆಗೆ ಅವಳು ಬೀಗ ಬದಲಾಯಿಸ್ತಾಳೆ, ರಾತ್ರಿ ಬಾಗಿಲ ಹತ್ರ ಹಿಟ್ಟು ಚೆಲ್ಲಿ ಹೆಜ್ಜೆ ನೋಡ್ತಾಳೆ, ಗಂಡನ್ನ ಮಾತ್ರ ಕೇಳಲ್ಲ.

ಈಗ ನಂಗೆ ತುಂಬಾ ಖುಷಿ ಕೊಟ್ಟ ವಿಷಯ, ಭಾಷೆ. ಮಗು ಕಾಣೆಯಾದ ಮನೇಲಿ ಅತೀ ಕಷ್ಟದ ಪದ ಯಾವುದು ಅಂದ್ರೆ "ಇದಾಳೆ" ಮತ್ತೆ "ಇದ್ಳು". ಸುಮ ಹಟಕ್ಕೆ ಬಿದ್ದು ಎಲ್ಲಾ ಕಡೆ ಇದಾಳೆ ಅಂತಾಳೆ, ಪಕ್ಕದ ಮನೆಯವರು ಬಾಯಿ ತಪ್ಪಿ ಇದ್ಳು ಅಂದಿದ್ದಕ್ಕೆ ಅವರ ಜೊತೆ ಮಾತೇ ಬಿಡ್ತಾಳೆ. ರಘುಗೆ ಎರಡೂ ಆಗಲ್ಲ, ಇದಾಳೆ ಅನ್ನೋಕೆ ನಂಬಿಕೆ ಇಲ್ಲ, ಇದ್ಳು ಅನ್ನೋಕೆ ನಾಲಿಗೆ ಏಳಲ್ಲ. ಹಂಗಾದ್ರೆ ಅವನು ಹೆಂಗೆ ಮಾತಾಡ್ತಾನೆ ಅಂತ ಒಂದು ವಾರ ತಲೆ ಕೆಡಿಸ್ಕೊಂಡೆ, ಆಮೇಲೆ ಹೊಳೀತು, ಕನ್ನಡದಲ್ಲಿ ಕ್ರಿಯಾಪದ ಇಲ್ದೇನೂ ಮಾತು ನಡೆಯತ್ತೆ! "ಇಂಚರ ತುಂಬಾ ತುಂಟಿ." "ಅವಳಿಗೆ ಮಳೆ ಅಂದ್ರೆ ಪ್ರಾಣ." "ಕೈಬರಹ ಅವಳದ್ದು ಮುತ್ತಿನ ಹಾಗೆ." ಕಾಲಾನೇ ಹೇಳದೆ ಮಗಳ ಬಗ್ಗೆ ಗಂಟೆಗಟ್ಲೆ ಮಾತಾಡಬಹುದು. ಹಾಗಾಗಿ ಮೊದಲನೇ ಪುಟದಿಂದ ಕೊನೇವರೆಗೆ ರಘು ಮಗಳ ಬಗ್ಗೆ ಆಡೋ ಒಂದೇ ಒಂದು ವಾಕ್ಯಕ್ಕೂ ಕ್ರಿಯಾಪದ ಇಲ್ಲ. ಗಮನಿಸದೇ ಇರೋರಿಗೆ ಅದು ಬರೀ ಅವನ ಮಾತಿನ ಧಾಟಿ. ಗಮನಿಸಿದವರಿಗೆ, ಇವನಿಗೆ ಏನೋ ಗೊತ್ತು, ಏನೋ ಮುಚ್ಚಿಡ್ತಾ ಇದಾನೆ ಅಂತ ಅನುಮಾನ. ಮುಚ್ಚಿಡ್ತಾ ಇರೋದು ನಿಜಾನೇ, ಏನನ್ನ ಅಂತ ಹೇಳಿದ್ರೆ ಪುಸ್ತಕ ಓದೋಕೆ ಏನೂ ಉಳಿಯಲ್ಲ.

ಸಾಕ್ಷಿಯ ಮಾತಿಗೂ ಇದೇ ದಾರಿ ಹಿಡಿದೆ. ನಮ್ಮ "ಅಂತೆ" ಅನ್ನೋ ಪ್ರತ್ಯಯ ಸಸ್ಪೆನ್ಸ್ ಬರೆಯೋರಿಗೆ ವರ ಕಣ್ರೀ. ಸ್ಕೂಲ್ ಗೇಟ್ ಹತ್ರದ ಹೆಂಗಸು ನಾಲ್ಕನೇ ಚಾಪ್ಟರಲ್ಲಿ "ಆ ಕಡೆ ಹೋದ್ಲಂತೆ" ಅಂತಾಳೆ, ಹನ್ನೊಂದರಲ್ಲಿ "ಆ ಕಡೇನೇ ಹೋದ್ಲು ಅನ್ಸತ್ತೆ", ಹತ್ತೊಂಬತ್ತರಲ್ಲಿ "ಆ ಕಡೇನೇ ಹೋಗಿದ್ದು, ನಾನೇ ಕಣ್ಣಾರೆ ನೋಡ್ದೆ" ಅಂತಾಳೆ. ಅವಳು ಸುಳ್ಳು ಹೇಳ್ತಿಲ್ಲ, ಸುಮ ಹೋಗಿ ಹೋಗಿ ಕೇಳಿ ಅವಳಿಗೆ ಹಾಗೆ ನೆನಪಾಗೋ ಹಾಗೆ ಮಾಡಿದಾಳೆ. ಲಾಫ್ಟಸ್ ಮತ್ತೆ ಪಾಮರ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲಿ ಮಾಡಿದ ಒಂದು ಪ್ರಯೋಗ ಇದೆ, ಕಾರ್ ಆಕ್ಸಿಡೆಂಟಿನ ಒಂದೇ ಫಿಲ್ಮುಗಳನ್ನ ತೋರಿಸಿ, ಕೆಲವರಿಗೆ ಅಪ್ಪಳಿಸಿದಾಗ ಎಷ್ಟು ಸ್ಪೀಡಿತ್ತು ಅಂತ, ಕೆಲವರಿಗೆ ತಾಗಿದಾಗ ಎಷ್ಟು ಸ್ಪೀಡಿತ್ತು ಅಂತ ಕೇಳಿದ್ರು, ಮೊದಲನೇಯವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಅಂದ್ರೆ ಎರಡನೇಯವರು 32 ಅಂದ್ರು. ಬದಲಾಗಿದ್ದು ಪ್ರಶ್ನೆಯ ಒಂದು ಕ್ರಿಯಾಪದ. ಸುಮ ಕೇಳೋ ಪ್ರಶ್ನೆಗಳನ್ನೂ ನಾನು ಹಾಗೇ ಬದಲಾಯಿಸ್ತಾ ಹೋದೆ, "ಯಾರಾದ್ರೂ ಇದ್ರಾ?" ಇಂದ "ಅವನು ಯಾವ ಬಣ್ಣದ ಶರ್ಟ್ ಹಾಕಿದ್ದ?" ವರೆಗೆ. ಅವನು ಅನ್ನೋ ಮನುಷ್ಯ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ತಪ್ಪುಗಳೂ ಬೇಕಾದಷ್ಟಾದವು. ಇಂಚರ ಕಾಣೆಯಾದ ದಿನ ಅಂತ 2014ರ ಆಗಸ್ಟ್ 17 ಇಟ್ಟಿದ್ದೆ, ಮೂರು ಡ್ರಾಫ್ಟು ಹಾಗೇ ಇತ್ತು, ಆಮೇಲೆ ಓದಿದ ಒಬ್ಬರು ಅವತ್ತು ಭಾನುವಾರ, ಸ್ಕೂಲ್ ಎಲ್ಲಿತ್ತು ಅಂದ್ರು. ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಕೊಂಡು ಬರೀರಿ, ಅಷ್ಟೇ ಹೇಳೋದು. ದೂರು ಕೊಡೋಕೆ 24 ಗಂಟೆ ಕಾಯಬೇಕು ಅಂತ ಇನ್ಸ್‌ಪೆಕ್ಟರ್ ಬಾಯಲ್ಲಿ ಹೇಳಿಸಿದ್ದೆ, ಸಿನಿಮಾ ನೋಡಿ ನೋಡಿ ತಲೇಲಿ ಕೂತಿದ್ದ ಮಾತು. ಮಗು ವಿಷಯದಲ್ಲಿ ಮೊದಲ ಗಂಟೆಗಳೇ ಮುಖ್ಯ, ಯಾರೂ ಕಾಯ್ಕೊಂಡು ಕೂರಲ್ಲ. ಮೊದಲು ಹುಡುಕೋದು ಮಗು ಇದ್ದ ಮನೇನೇ, ಮಂಚದ ಕೆಳಗೆ, ಬೀರು ಒಳಗೆ, ನೀರಿನ ತೊಟ್ಟಿ. ಅದನ್ನ ತಿಳ್ಕೊಂಡಿದ್ದು ಒಳ್ಳೇದೇ ಆಯ್ತು, ಪೊಲೀಸರು ಬೀರು ಬಾಗಿಲು ತೆಗೆಯುವಾಗ ಸುಮಂಗೆ ಆಗೋ ಅವಮಾನ ಆಮೇಲೆ ಒಂದು ಪೂರ್ತಿ ಚಾಪ್ಟರ್ ಆಯ್ತು. ಇನ್ನು ಸುಮಂಗೆ ಸ್ಕೂಲ್ ಬ್ಯಾಗು ನೆಲಕ್ಕೆ ಬಿದ್ದ ಸದ್ದು ಕೇಳಿಸೋದನ್ನ ಓದಿ ಇಬ್ಬರು ಇದು ದೆವ್ವದ ಕಥೇನಾ ಅಂದ್ರು. ತೆಗೆದುಬಿಡೋಣ ಅನ್ಕೊಂಡಿದ್ದೆ, ಆದ್ರೆ 1971ರಲ್ಲಿ ರೀಸ್ ಅಂತ ವೇಲ್ಸಿನ ಒಬ್ಬ ಡಾಕ್ಟ್ರು ಗಂಡನ್ನ ಅಥವಾ ಹೆಂಡತೀನ ಕಳ್ಕೊಂಡ 293 ಜನಾನ ಮಾತಾಡಿಸಿದಾಗ ಹತ್ತಿರತ್ತಿರ ಅರ್ಧದಷ್ಟು ಜನ ಹೋದವರು ಪಕ್ಕದಲ್ಲೇ ಇದ್ದ ಹಾಗೆ ಅನ್ಸಿದ್ದು, ಕಂಡಿದ್ದು, ದನಿ ಕೇಳಿಸಿದ್ದು ಹೇಳಿದ್ರು ಅಂತ ಓದಿ, ಬ್ಯಾಗಿನ ಸದ್ದು ಉಳಿಸ್ಕೊಂಡೆ.

ಬರೀತಾ ಬರೀತಾ ಗೀಳು ನನಗೂ ಅಂಟ್ಕೊಳ್ತು, ಅದನ್ನ ಹೇಳದೆ ಬಿಟ್ರೆ ಮೋಸ ಆಗತ್ತೆ. ಮೂರನೇ ಡ್ರಾಫ್ಟಿನ ಟೈಮಲ್ಲಿ ಮಗಳು ಟ್ಯೂಷನ್ನಿಂದ ಹತ್ತು ನಿಮಿಷ ಲೇಟಾದ್ರೆ ರಸ್ತೇಲಿ ನಿಂತಿರ್ತಿದ್ದೆ. ಅವಳು ಒಂದಿನ, "ಅಮ್ಮಾ, ಕಳೆದೋಗಿರೋದು ಇಂಚರ, ನಾನಲ್ಲ" ಅಂದ್ಳು. ಅವತ್ತಿಂದ ಬರೆಯೋ ಟೈಮ್ ಬೆಳಿಗ್ಗೆ ಐದರಿಂದ ಏಳಕ್ಕೆ ಬದಲಾಯಿಸ್ದೆ, ಕತ್ತಲಾದ ಮೇಲೆ ಆ ಫೈಲ್ ತೆಗೀತಿರಲಿಲ್ಲ.

ಕೊನೇಗೆ ಪ್ರೂಫ್ ಬಂತು. ಕಾದಂಬರಿ ಪ್ರಿಂಟಿಗೆ ಹೋಗೋಕೆ ನಾಲ್ಕು ದಿನ ಇದ್ದಾಗ ತಿದ್ದಿದ ಪ್ರತಿ ತೆಗೆದು ನೋಡ್ತೀನಿ, ಪ್ರೂಫ್ ನೋಡಿದವರು ಬಹಳ ಶ್ರದ್ಧೆಯ ಮನುಷ್ಯ, ರಘು ವಾಕ್ಯಗಳೆಲ್ಲ ಅರ್ಧಂಬರ್ಧ ಇದಾವೆ ಅಂತ ಒಂದೊಂದಕ್ಕೂ ಕ್ರಿಯಾಪದ ಸೇರಿಸಿ ಪೂರ್ತಿ ಮಾಡಿ ಕೊಟ್ಟಿದಾರೆ. ಇಂಚರ ತುಂಬಾ ತುಂಟಿಯಾಗಿದ್ದಳು. ಅವಳ ಕೈಬರಹ ಮುತ್ತಿನ ಹಾಗೆ ಇತ್ತು. ತಲೆ ಮೇಲೆ ಕೈ ಹೊತ್ಕೊಂಡು ಕೂತೆ. ಎರಡು ರಾತ್ರಿ ಕೂತು, ಕತ್ತಲಾದ ಮೇಲೆ ಫೈಲ್ ತೆಗಿಯಲ್ಲ ಅನ್ನೋ ನಿಯಮಾನ ಪಕ್ಕಕ್ಕಿಟ್ಟು, ಒಂದೊಂದೇ "ಇದ್ದಳು" ಕಿತ್ತು ಹಾಕಿದೆ. ಆದ್ರೂ ಒಂದು ಕಣ್ಣು ತಪ್ಪಿಸ್ಕೊಂಡು ಪ್ರಿಂಟ್ ಆಗೇಬಿಡ್ತು. ಪುಸ್ತಕ ಬಂದು ಎರಡು ವಾರಕ್ಕೆ ಓದುಗರೊಬ್ಬರು ಮೆಸೇಜ್ ಮಾಡಿದ್ರು, "ಮೇಡಂ, ಅಪ್ಪನೇ ಅಂತ ನಂಗೆ ಅರ್ಧ ಪುಸ್ತಕಕ್ಕೇ ಗೊತ್ತಾಯ್ತು, ಅಷ್ಟು ಹೊತ್ತು ಹುಷಾರಾಗಿದ್ದೋನು ಒಂದೇ ಒಂದು ಕಡೆ ಇದ್ದಳು ಅಂತ ಬಾಯಿ ಬಿಟ್ಟ ನೋಡಿ, ಎಂಥಾ ಸೂಕ್ಷ್ಮವಾಗಿ ಇಟ್ಟಿದೀರಿ!" ಅಂತ. ಥ್ಯಾಂಕ್ಸ್ ಅಂತ ಉತ್ತರ ಕಳಿಸಿ ಸುಮ್ನಾದೆ.