ಒಂದು ತೊರೆ, ಎರಡು ದಡ: ಮ್ಯೋಡ್ಲಾರಾಯ್ಟ್ ಊರಿನ ಚರಿತ್ರೆ ಬರೆದ ಅನುಭವ

ಜರ್ಮನಿಯ ಎರ್ಲಾಂಗೆನ್‌ನಲ್ಲಿ ನಮ್ಮ ಕೆಲವು ಮನೆಗಳ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಪಾಠ ಮಾಡುತ್ತೇನೆ. ಹತ್ತಿರದ ಯಾವುದಾದರೂ ಹಳ್ಳಿಯ ಭೂಗೋಳ, ಚರಿತ್ರೆ ಎರಡನ್ನೂ ಕನ್ನಡದಲ್ಲೇ ಬರೆದು ಓದಿಸೋಣ ಅನ್ನಿಸಿತು. ಆರಿಸಿಕೊಂಡದ್ದು ಹೋಫ್ ನಗರದ ಉತ್ತರಕ್ಕಿರುವ ಮ್ಯೋಡ್ಲಾರಾಯ್ಟ್. ಜನ ಐವತ್ತರ ಆಸುಪಾಸು. ನಡುವೆ ಟಾನ್‌ಬಾಖ್ ಅನ್ನುವ ಸಣ್ಣ ತೊರೆ. ತೊರೆಯ ಈ ಕಡೆಯದು ಬವೇರಿಯಾ ರಾಜ್ಯದ ಟ್ಯೋಪೆನ್ ಪಂಚಾಯಿತಿಗೆ, ಆ ಕಡೆಯದು ಟ್ಯೂರಿಂಗೆನ್ ರಾಜ್ಯದ ಗೆಫೆಲ್ ಊರಿಗೆ ಸೇರಿದೆ.

ಮೊದಲ ಸಲ ಹೋದಾಗ ಎಲ್ಲರಂತೆ ನಾನೂ ಗೋಡೆ ನೋಡಿಕೊಂಡು ಬಂದೆ. ಅಮೆರಿಕದ ಸೈನಿಕರು ಈ ಊರನ್ನು ‘ಪುಟ್ಟ ಬರ್ಲಿನ್’ ಎಂದು ಕರೆಯುತ್ತಿದ್ದರು. ಜರ್ಮನಿ ಎರಡು ದೇಶವಾಗಿದ್ದ ಕಾಲ; 1966ರಲ್ಲಿ, ಟ್ಯೂರಿಂಗೆನ್ ದಡ ಸೇರಿದ್ದ ಪೂರ್ವ ಜರ್ಮನಿ ಇಲ್ಲಿ 700 ಮೀಟರ್ ಉದ್ದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ಎಬ್ಬಿಸಿತ್ತು. ಅದರ ಒಂದು ತುಂಡು, ಕಾವಲು ಗೋಪುರ, ತಂತಿಬೇಲಿ ಎಲ್ಲವನ್ನೂ ವಸ್ತುಸಂಗ್ರಹಾಲಯ ಉಳಿಸಿಕೊಂಡಿದೆ. ಮನೆಗೆ ಬಂದು ನಾಲ್ಕು ಪುಟ ಬರೆದೆ. ನಾಲ್ಕೂ ಪುಟದಲ್ಲಿ ಗೋಡೆಯೇ.

ಎರಡನೇ ಸಲ ಹೋದಾಗ ಬೇಲಿ ಪಕ್ಕ ಹೂಗಿಡಕ್ಕೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರ ಜೊತೆ ಮಾತಿಗೆ ನಿಂತೆ. ಏನು ಬರೆದಿದ್ದೀರಿ ಎಂದು ಕೇಳಿದರು, ಹೇಳಿದೆ. ‘ಶಾಲೆ ಎಲ್ಲಿತ್ತು ಅಂತ ಬರೆದಿರಾ?’ ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಇದ್ದದ್ದು ಒಂದೇ ಶಾಲೆ, ಬಿಯರು ಕುಡಿದು ಹರಟೆ ಹೊಡೆಯಲು ಒಂದೇ ಜಾಗ. ಎರಡೂ ಟ್ಯೂರಿಂಗೆನ್ ದಡದಲ್ಲಿ. ಭಾನುವಾರ ಪ್ರಾರ್ಥನೆಗೆ ಮಾತ್ರ ಎಲ್ಲರೂ ಬವೇರಿಯಾ ಕಡೆಯ ಟ್ಯೋಪೆನ್‌ಗೆ ನಡೆಯಬೇಕು. ಅಂದರೆ ಇಡೀ ಊರಿನ ಬದುಕು ದಿನಾ ತೊರೆ ದಾಟುತ್ತಲೇ ಇತ್ತು. ಅದು ತಿಳಿಯದೆ ಗೋಡೆ ಏನನ್ನು ಕತ್ತರಿಸಿತು ಅನ್ನುವುದು ತಿಳಿಯುವ ಹಾಗೇ ಇಲ್ಲ. ಆ ನಾಲ್ಕು ಪುಟಗಳನ್ನು ಬದಿಗಿಟ್ಟು ತೊರೆಯಿಂದ ಶುರು ಮಾಡಿದೆ.

ಮೊದಲು ನಕ್ಷೆ. ಬವೇರಿಯಾ ಸರ್ಕಾರ ತನ್ನ ಭೂಪಟಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹತ್ತೊಂಬತ್ತನೇ ಶತಮಾನದ ಮೊದಲ ಅಳತೆಯ ಹಾಳೆಗಳೂ ಅಲ್ಲಿವೆ, 1:5000 ಪ್ರಮಾಣದಲ್ಲಿ. ಹೊಲದ ಬದು, ಕೊಟ್ಟಿಗೆ ಸಹಿತ ಕಾಣುತ್ತದೆ. ನಾನು ಅದನ್ನೇ ಇಟ್ಟುಕೊಂಡು ಊರಿನ ಚಿತ್ರ ಬಿಡಿಸಿದೆ. ಆದರೆ ಆ ಅಳತೆಯವರ ಕೆಲಸ ರಾಜ್ಯದ ಗಡಿಗೆ ಮುಗಿಯುತ್ತದೆ. ಅರ್ಧ ಊರೇ ಇಲ್ಲದ ನಕ್ಷೆ ನನ್ನದಾಯಿತು. ಉಳಿದರ್ಧಕ್ಕೆ ಟ್ಯೂರಿಂಗೆನ್ ಸರ್ಕಾರದ ನಕ್ಷೆ, ಹಳೆಯ ವಿಮಾನ ಚಿತ್ರಗಳನ್ನು ತೆಗೆದು, ತೊರೆಯ ಗೆರೆ ಹಿಡಿದು ಎರಡನ್ನೂ ಜೋಡಿಸಿದೆ. ಗಡಿಯೂರಿನ ಬಗ್ಗೆ ಬರೆಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಒಂದೇ ಕಚೇರಿಯ ಕಾಗದ ನಂಬಿ ಕೂರಬೇಡಿ.

ಹೆಸರೂ ಭೂಗೋಳವೇ. ‘ರಾಯ್ಟ್’ ಎಂದು ಕೊನೆಯಾಗುವ ಊರುಗಳು ಈ ಸೀಮೆಯ ತುಂಬ ಇವೆ. ಕಾಡು ಕಡಿದು ಸಾಗುವಳಿಗೆ ತಂದ ನೆಲ ಎಂದು ಅರ್ಥ. ನಮ್ಮಲ್ಲಿ ಕೆರೆ, ಹಳ್ಳ, ಕಟ್ಟೆ ಊರಿನ ಹೆಸರಿಗೆ ಅಂಟಿಕೊಂಡ ಹಾಗೆ. ಮಕ್ಕಳಿಗೆ ಇದು ಥಟ್ಟನೆ ಹಿಡಿಸಿತು. ಬೈರಾಯ್ಟ್ ನಗರದ ಹೆಸರನ್ನು ಅವರೇ ಬಿಡಿಸಿದರು.

ಆಮೇಲೆ ಕಲ್ಲು. ತೊರೆಯುದ್ದಕ್ಕೂ ನಡೆದರೆ 1810ರ ಗಡಿಕಲ್ಲುಗಳು ಸಿಗುತ್ತವೆ. ಅವುಗಳ ಒಂದು ಮುಖದಲ್ಲಿ ಬವೇರಿಯಾ ರಾಜ್ಯದ ‘ಕೆ.ಬಿ.’, ಇನ್ನೊಂದರಲ್ಲಿ ಆಗ ಆ ದಡವನ್ನು ಆಳುತ್ತಿದ್ದ ರಾಯ್ಸ್ ಸಂಸ್ಥಾನದ ‘ಎಫ್.ಆರ್.’ ಅಕ್ಷರಗಳು. ಈ ದಡವೂ ಒಳಗೊಂಡಿದ್ದ ಬೈರಾಯ್ಟ್ ಸೀಮೆ ಬವೇರಿಯಾಕ್ಕೆ ಸೇರಿದ್ದು ಆ ವರ್ಷವೇ. ಪಾಚಿಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಬೆಳಗಿನ ಓರೆ ಬಿಸಿಲಿನಲ್ಲಿ ಓದಬೇಕು. ನಡುಹಗಲಲ್ಲಿ ಅಕ್ಷರ ಕಾಣುವುದಿಲ್ಲ. ಈ ಕಲ್ಲಿನ ಮುಂದೆ ಕೂತಾಗಲೇ ನನಗೆ ವಿಷಯ ಬಿಡಿಸಿಕೊಂಡದ್ದು. ಗಡಿ ಹಳೆಯದು. ನೂರಾರು ವರ್ಷ ಜನ ಅದನ್ನು ಮನಸ್ಸಿಗೇ ಹಚ್ಚಿಕೊಳ್ಳದೆ ಬಾಳಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಜಯೀ ದೇಶಗಳು ತಮ್ಮ ತಮ್ಮ ವಲಯಗಳಿಗೆ ಇದೇ ಹಳೆಯ ಗೆರೆಯನ್ನು ಬಳಸಿಕೊಂಡವು. ಆಚೆ ಸೋವಿಯತ್, ಈಚೆ ಅಮೆರಿಕ. 1949ರಲ್ಲಿ ತೊರೆ ಎರಡು ದೇಶಗಳ ನಡುವಿನ ಗಡಿಯಾಯಿತು.

ಬರೆಯುವಾಗ ಪ್ರತಿ ವರ್ಷಕ್ಕೂ ಎರಡು ಸಾಲು ಇಟ್ಟುಕೊಂಡೆ, ಒಂದೊಂದು ದಡಕ್ಕೆ ಒಂದೊಂದು. 1952ರ ಮೇ ತಿಂಗಳಲ್ಲಿ ಪೂರ್ವ ಜರ್ಮನಿ ಗಡಿಗುಂಟ 5 ಕಿಲೋಮೀಟರ್ ನಿರ್ಬಂಧಿತ ಪ್ರದೇಶ, ಅದರೊಳಗೆ 500 ಮೀಟರ್ ಪಟ್ಟಿ, ಗಡಿಯ ಬದಿಗೇ 10 ಮೀಟರ್ ಉತ್ತ ನೆಲ ಮಾಡಿತು. ನಂಬಿಕೆಗೆ ಅರ್ಹರಲ್ಲ ಅನ್ನಿಸಿದ ಕುಟುಂಬಗಳನ್ನು ಗಡಿಸೀಮೆಯಿಂದಲೇ ಎಬ್ಬಿಸಿ ಸಾಗಿಸಿದರು. ಮ್ಯೋಡ್ಲಾರಾಯ್ಟ್‌ಗೆ ಮೊದಲು ಹಲಗೆಯ ಬೇಲಿ ಬಂತು, ಹದಿನಾಲ್ಕು ವರ್ಷದ ಮೇಲೆ ಗೋಡೆ. ಆ ದಡದವರು ಈ ದಡದವರಿಗೆ ಕೈ ಬೀಸುವಂತೆಯೂ ಇರಲಿಲ್ಲ. ಈ ದಡದ ಸಾಲಿನಲ್ಲಿ ಬರೆಯಲು ಬೇರೆಯದೇ ಇತ್ತು: ಗೋಡೆ ನೋಡಲು ಬರುವ ಜನ, ಅವರ ಕ್ಯಾಮೆರಾ. 1983ರ ಫೆಬ್ರವರಿಯಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್ ಕೂಡ ಬಂದಿದ್ದರು. ಎರಡೂ ಸಾಲು ಎದುರುಬದುರು ಇಟ್ಟು ಓದಿದಾಗ ನನಗೆ ಗಂಟಲು ಕಟ್ಟಿತು.

1989ರ ಡಿಸೆಂಬರ್ 9ರಂದು ಗೋಡೆಯಲ್ಲಿ ಕಾಲುದಾರಿ ತೆರೆಯಿತು, 1990ರ ಜೂನ್ 17ರಂದು ಯಂತ್ರ ತಂದು ಗೋಡೆಯ ಹೆಚ್ಚಿನ ಭಾಗವನ್ನು ಕೆಡವತೊಡಗಿದರು.

ಅಲ್ಲಿಗೇ ನಿಲ್ಲಿಸಬಾರದೆಂದು ಮತ್ತೊಂದು ಸಲ ಹೋದೆ, ಬೇಕೆಂದೇ ಅಕ್ಟೋಬರ್ 31ಕ್ಕೆ. ಅಂದು ಟ್ಯೂರಿಂಗೆನ್‌ನಲ್ಲಿ ರಜೆ, ಬವೇರಿಯಾದಲ್ಲಿಲ್ಲ. ಮರುದಿನ ಬವೇರಿಯಾದಲ್ಲಿ ರಜೆ, ಅಲ್ಲಿಲ್ಲ. ಪಿನ್‌ಕೋಡ್ ಎರಡು: 95183, 07926. ಕಾರಿನ ನಂಬರ್ ಪ್ಲೇಟೂ ಬೇರೆ. ಬವೇರಿಯಾ ದಡದಲ್ಲಿ ನಮಸ್ಕಾರಕ್ಕೆ ‘ಗ್ರ್ಯೂಸ್ ಗಾಟ್’ ಅನ್ನುತ್ತಾರೆ, ಇಪ್ಪತ್ತು ಹೆಜ್ಜೆ ದಾಟಿದರೆ ಆ ದಡದವರು ‘ಗುಟನ್ ಟಾಕ್’ ಅನ್ನುತ್ತಾರೆ. ದಾಟುವವರನ್ನು ಈಗ ಯಾರೂ ತಡೆಯುವುದಿಲ್ಲ, ಅಷ್ಟೇ.

ಕೊನೆಯ ನಕ್ಷೆಯಲ್ಲಿ ತೊರೆಯನ್ನು ಹಾಳೆಯ ಅಂಚಿನಲ್ಲಲ್ಲ, ನಟ್ಟನಡುವೆ ಬರೆದೆ. ಶಾಲೆಗೆ ಹೋಗುವ ದಾರಿ ಕೆಂಪು, ಟ್ಯೋಪೆನ್‌ಗೆ ನಡೆಯುವ ದಾರಿ ನೀಲಿ. ಪ್ರಿಂಟ್ ತೆಗೆಸಿ ಅಜ್ಜಿಗೆ ಕೊಟ್ಟೆ. ಕನ್ನಡ ಅಕ್ಷರ ಅವರಿಗೆ ಬಾರದು; ಕೆಂಪು ಗೆರೆಯ ಮೇಲೆ ಬೆರಳಿಟ್ಟು ತೊರೆ ದಾಟಿಸಿ, ಶಾಲೆಯ ಚೌಕ ಸ್ವಲ್ಪ ಎಡಕ್ಕೆ ಬರಬೇಕು ಅಂದರು. ಅಲ್ಲೇ ಪೆನ್ಸಿಲ್‌ನಲ್ಲಿ ತಿದ್ದಿಕೊಂಡೆ.