ಎರೆಮಣ್ಣಿನ ಹಿತ್ತಲಿನಲ್ಲಿ ಪಟಿಂಗ್ ಗ್ರೀನ್
ಹುಬ್ಬಳ್ಳಿಯ ಹಿತ್ತಲಿನಲ್ಲಿ ಕೃತಕ ಹುಲ್ಲಿನ ಪಟಿಂಗ್ ಗ್ರೀನ್ (ಗಾಲ್ಫ್ ಚೆಂಡನ್ನು ಕುಳಿಗೆ ಉರುಳಿಸುವ ಹುಲ್ಲಿನಂಗಳ) ಹಾಸುವವರು ಹುಲ್ಲಿನ ಬೆಲೆ ವಿಚಾರಿಸುವ ಮೊದಲು ಮಣ್ಣನ್ನು ನೋಡಬೇಕು. ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನ ಮೇಲೆ ನೇರವಾಗಿ ಹಾಸಿದರೆ ನೆಲ ಏರುಪೇರಾಗಿ ಚೆಂಡು ದಾರಿ ತಪ್ಪುತ್ತದೆ. ಆದ್ದರಿಂದ ಸುಮಾರು 1 ಅಡಿ ಮಣ್ಣು ತೆಗೆದು, ತಳಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಹಾಸಿ, ಗರಸು ಹಾಗೂ ಖಡಿಯನ್ನು ಪದರಪದರವಾಗಿ ನೀರು ಚಿಮುಕಿಸಿ ದಮ್ಮಸ್ಸು ಮಾಡಿ, ಮೇಲೆ ಕಲ್ಲುಪುಡಿ ಹರಡಿ, ನೀರು ಮನೆಯ ಪಾಯದಿಂದ ದೂರ ಹರಿಯುವಂತೆ ಪ್ರತಿ 10 ಅಡಿಗೆ 2 ಇಂಚು ಇಳಿಜಾರು ಕೊಡಬೇಕು. ಈ ಹಂತದಲ್ಲಿ ಹಣ ಉಳಿಸುವುದನ್ನು ನಾನು ಒಪ್ಪುವುದಿಲ್ಲ. ಚೆಂಡು ಬೀಳುವ ಕುಳಿಗೆ 108 ಮಿ.ಮೀ. ವ್ಯಾಸದ ಕಪ್ ಅನ್ನು ಈಗಲೇ ಕೂಡಿಸಬೇಕು. ಬಳಿಕ ಹುಲ್ಲಿನ ಸುರುಳಿಯನ್ನು ಬಿಸಿಲಿಗೆ ಹರವಿ, ಎಲ್ಲ ತುಂಡುಗಳ ಎಳೆಗಳು ಒಂದೇ ದಿಕ್ಕಿಗೆ ಬಾಗುವಂತೆ ಜೋಡಿಸಿ, ಅಂಚಿಗೆ ಮೊಳೆ ಹೊಡೆದು, ಒಣಗಿದ ಸಿಲಿಕಾ ಮರಳನ್ನು ಪೊರಕೆಯಿಂದ ಎಳೆಗಳ ನಡುವೆ ಇಳಿಸಬೇಕು.