ಯಾರು ಫ್ರೀಮೇಸನ್, ಯಾರು ಅಲ್ಲ: ನಾನು ಹೇಗೆ ಪತ್ತೆ ಮಾಡುತ್ತೇನೆ

ತುಮಕೂರು ಸುತ್ತಮುತ್ತಲ ಕಾಲೇಜುಗಳಲ್ಲಿ ನಾನು ಕ್ವಿಜ್ ನಡೆಸುತ್ತೇನೆ. ಪ್ರಶ್ನೆ ಬರೆಯುವುದು ಸುಲಭ. ಉತ್ತರಕ್ಕೆ ತಕರಾರು ಎದ್ದಾಗ ಸಮರ್ಥಿಸಿಕೊಳ್ಳುವುದೇ ಕಷ್ಟ. ಅದರಲ್ಲೂ "ಇವರಲ್ಲಿ ಫ್ರೀಮೇಸನ್ ಯಾರು?" ಅನ್ನುವ ಪ್ರಶ್ನೆ ಇದೆಯಲ್ಲ (ಫ್ರೀಮೇಸನ್ ಅಂದರೆ ಗುಟ್ಟಿನ ವಿಧಿಗಳಿರುವ ಒಂದು ಹಳೇ ಸೋದರ ಸಂಘದ ಸದಸ್ಯ), ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳನ್ನು ನಂಬಿದರೆ ಚರಿತ್ರೆಯಲ್ಲಿ ಹೆಸರು ಮಾಡಿದವರೆಲ್ಲ ಅದರ ಸದಸ್ಯರೇ!

ಹಾಗಾಗಿ ನಾನು ಮೊದಲು ನೋಡುವುದು ಮೂರೇ ವಿಷಯ. ಯಾವ ಲಾಡ್ಜ್, ಯಾವ ಊರು, ಯಾವ ತಾರೀಖು. (ಅವರ ಸ್ಥಳೀಯ ಶಾಖೆಗೆ ಲಾಡ್ಜ್ ಅಂತಾರೆ. ಲಾಡ್ಜ್‌ಗಳ ಮೇಲಿರುವ ಸಂಸ್ಥೆಗೆ ಗ್ರ್ಯಾಂಡ್ ಲಾಡ್ಜ್, ಅಂಥ ಸಂಸ್ಥೆಯ ಮುಖ್ಯಸ್ಥರಿಗೆ ಗ್ರ್ಯಾಂಡ್ ಮಾಸ್ಟರ್.) ಇದು ಮೂರೂ ಇಲ್ಲದಿದ್ದರೆ ಆ ಹೆಸರನ್ನು ಪಕ್ಕಕ್ಕಿಡುತ್ತೇನೆ. ಗುಟ್ಟಿನ ಸಂಘ, ದಾಖಲೆ ಎಲ್ಲಿ ಸಿಗುತ್ತೆ ಅಂತ ಕೇಳುವವರು ಜಾಸ್ತಿ. ಆದರೆ ಅವರಷ್ಟು ಅಚ್ಚುಕಟ್ಟಾಗಿ ರಿಜಿಸ್ಟರ್ ಬರೆದಿಟ್ಟವರು ಕಡಿಮೆ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ನ 1751ರಿಂದ 1921ರವರೆಗಿನ ರಿಜಿಸ್ಟರ್‌ಗಳು 2015ರಲ್ಲಿ ವಂಶಾವಳಿ ಹುಡುಕುವ ಆನ್ಸೆಸ್ಟ್ರಿ ವೆಬ್‌ಸೈಟಿಗೆ ಬಂದವು, ಸುಮಾರು 20 ಲಕ್ಷ ಹೆಸರು. ಎಷ್ಟೋ ಕಡೆ ಹೆಸರಿನ ಪಕ್ಕದಲ್ಲೇ ವಯಸ್ಸು, ಕಸುಬು, ಊರು ಇರುತ್ತದೆ. ಅದೇ ಹೆಸರಿನ ಇನ್ಯಾರೋ ಇದ್ದರೆ ಇದರಿಂದ ಗೊತ್ತಾಗುತ್ತದೆ. ಲಾಡ್ಜ್‌ನ ನಂಬರ್ ಒಂದನ್ನೇ ನಂಬಬೇಡಿ, 1863ರಲ್ಲಿ ನಂಬರ್‌ಗಳನ್ನೆಲ್ಲ ಬದಲಾಯಿಸಿದ್ದಾರೆ.

ಸ್ವಾಮಿ ವಿವೇಕಾನಂದರ ವಿಷಯಕ್ಕೆ ಬರೋಣ. ಅವರು ಫ್ರೀಮೇಸನ್ ಆಗಿದ್ದರು ಅಂದರೆ ನಮ್ಮಲ್ಲಿ ಯಾರೂ ನಂಬಲ್ಲ. ಆ ಹೆಸರಲ್ಲಿ ಹುಡುಕಿದರೆ ಏನೂ ಸಿಗುವುದೂ ಇಲ್ಲ. ಪೂರ್ವಾಶ್ರಮದ ಹೆಸರಲ್ಲಿ, ಅಂದರೆ ನರೇಂದ್ರನಾಥ ದತ್ತ ಅಂತ ಹುಡುಕಬೇಕು. ಕಲ್ಕತ್ತಾದ ಆ್ಯಂಕರ್ ಅಂಡ್ ಹೋಪ್ ಲಾಡ್ಜ್, 19 ಫೆಬ್ರವರಿ 1884. ಆಮೇಲೆ ತಾರೀಖು ಅವರ ಬದುಕಿಗೆ ಹೊಂದುತ್ತಾ ಅಂತ ನೋಡಬೇಕು. ಹುಟ್ಟಿದ್ದು 1863ರ ಜನವರಿ, ಅಲ್ಲಿಗೆ 21 ತುಂಬಿತ್ತು, ಊರಲ್ಲೇ ಇದ್ದರು, ಇನ್ನೂ ಸನ್ಯಾಸ ತೆಗೆದುಕೊಂಡಿರಲಿಲ್ಲ. ಹೊಂದುತ್ತದೆ.

ವೆಲ್ಲಿಂಗ್ಟನ್ ಕಥೆ ಇದಕ್ಕಿಂತ ಮಜವಾಗಿದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದ ಅದೇ ಆರ್ಥರ್ ವೆಲ್ಲೆಸ್ಲಿ. 1790ರಲ್ಲಿ ಐರ್ಲೆಂಡಿನ ಟ್ರಿಮ್ ಊರಿನ ಲಾಡ್ಜ್‌ಗೆ ಸೇರಿದ ದಾಖಲೆ ಇದೆ. ಅವರ ಅಪ್ಪ, ಅಣ್ಣ ಕೂಡ ಅದೇ ಲಾಡ್ಜ್‌ನವರು. ಆದರೆ 1851ರಲ್ಲಿ ಯಾರೋ ಕಾಗದ ಬರೆದು ಕೇಳಿದಾಗ, ಸೇರಿದ ನೆನಪೇ ನನಗಿಲ್ಲ ಅಂದುಬಿಟ್ಟರು! ಸ್ವತಃ ಅವರೇ ಇಲ್ಲ ಅಂದಮೇಲೆ ಮುಗೀತಲ್ವಾ ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪಲ್ಲ. ಅರವತ್ತು ವರ್ಷ ಕಳೆದು, 80 ದಾಟಿದ ಮೇಲೆ ಹೇಳಿದ ಮಾತಿಗಿಂತ ಆವತ್ತೇ ಬರೆದ ಪುಸ್ತಕಕ್ಕೆ ನನ್ನ ಹತ್ತಿರ ಬೆಲೆ ಜಾಸ್ತಿ.

ಸದಸ್ಯರಲ್ಲ ಅಂತ ತೋರಿಸುವುದು ಇನ್ನೂ ಕಷ್ಟ. ಲಿಂಕನ್ ವಿಷಯದಲ್ಲಿ ಪುಣ್ಯಕ್ಕೆ ಲಾಡ್ಜ್‌ನವರೇ ಹೇಳಿಬಿಟ್ಟಿದ್ದಾರೆ. 1865ರಲ್ಲಿ ಅವರು ತೀರಿಕೊಂಡಾಗ ಸ್ಪ್ರಿಂಗ್‌ಫೀಲ್ಡ್‌ನ ಟೈರಿಯನ್ ಲಾಡ್ಜ್ ಮಾಡಿದ ನಿರ್ಣಯದಲ್ಲಿ, ಲಿಂಕನ್ ಅರ್ಜಿ ಹಾಕುವುದನ್ನು ಮುಂದೂಡಿದ್ದರು ಅಂತಿದೆ. ಇಂಥದ್ದು ಸಿಕ್ಕರೆ ನೆಮ್ಮದಿ. ನೆಪೋಲಿಯನ್ ಕೋಟಿನೊಳಗೆ ಕೈ ಇಟ್ಟುಕೊಂಡಿರುವ ಚಿತ್ರ ತೋರಿಸಿ "ಸರ್, ಇದೇ ಪ್ರೂಫ್" ಅಂತ ವಾದ ಮಾಡಿದ ಹುಡುಗರನ್ನು ನೋಡಿದ್ದೇನೆ. ಆ ಕಾಲದಲ್ಲಿ ಚಿತ್ರ ಬರೆಸಿಕೊಳ್ಳುವಾಗ ದೊಡ್ಡ ಮನುಷ್ಯರು ಹಾಗೆ ನಿಲ್ಲುವುದು ಮಾಮೂಲಿ. ಅವರಣ್ಣ ಜೋಸೆಫ್ ಫ್ರಾನ್ಸಿನಲ್ಲಿ ಗ್ರ್ಯಾಂಡ್ ಮಾಸ್ಟರ್ ಆಗಿದ್ದು ನಿಜ, ಆದರೆ ಅಣ್ಣನ ಸದಸ್ಯತ್ವ ತಮ್ಮನಿಗೆ ಬರಲ್ಲವಲ್ಲ. "ಸರ್" ಬಿರುದೂ ಅಷ್ಟೇ. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಸಿಕ್ಕಿದ್ದು ಸರ್ಕಾರದ ಗೌರವ, ಅದಕ್ಕೂ ಲಾಡ್ಜ್‌ಗೂ ಸಂಬಂಧವಿಲ್ಲ.

ಸೇರಿದ ತಾರೀಖಿನ ಜೊತೆ ಬಿಟ್ಟ ತಾರೀಖನ್ನೂ ಬರೆದುಕೊಳ್ಳುತ್ತೇನೆ. ಚರ್ಚಿಲ್ 1901ರಲ್ಲಿ ಸೇರಿ 1912ರಲ್ಲಿ ರಾಜೀನಾಮೆ ಕೊಟ್ಟರು. ಅವರು ಪ್ರಧಾನಿ ಆಗಿದ್ದು 1940ರಲ್ಲಿ, ಅಷ್ಟರಲ್ಲಿ ಅದು ಹಳೇ ಕಥೆ.

ಜಗಳ ಜಾಸ್ತಿ ಆಗುವುದು ಆ್ಯನಿ ಬೆಸೆಂಟ್ ಹೆಸರಿಗೆ. 1902ರಲ್ಲಿ ಪ್ಯಾರಿಸ್‌ನಲ್ಲಿ ಅವರು ಸೇರಿದ್ದು ನಿಜ. ಆದರೆ ಅದು ಹೆಂಗಸರನ್ನೂ ಸೇರಿಸಿಕೊಳ್ಳುವ ಬೇರೆ ಸಂಘ, ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಅದನ್ನು ಮಾನ್ಯ ಮಾಡಲ್ಲ. ಹೌದು ಅಂದರೂ ತಕರಾರು, ಅಲ್ಲ ಅಂದರೂ ತಕರಾರು. ಅದಕ್ಕೇ ಈಗ ಪ್ರಶ್ನೆಯಲ್ಲೇ ಆ ಸಂಘದ ಹೆಸರು "ಲ ದ್ರ್ವಾ ಯುಮ್ಯಾಂ" ಅಂತ ಹಾಕಿಬಿಡುತ್ತೇನೆ, ಉಚ್ಚಾರಣೆ ಕೇಳಿ ಹುಡುಗರು ನಕ್ಕರೂ ಪರವಾಗಿಲ್ಲ.